ಮೂರು ಕೇಬಲ್, ಒಂದು ಲೋಟ ನೀರು

ನಮ್ಮೂರಿನಲ್ಲಿ ಕಂಪ್ಯೂಟರಿನ ಪಕ್ಕ ಒಂದು ಲೋಟ ನೀರು ಇಡದ ಮನೆ ಇಲ್ಲ. ಸಂದೇಶ ಬಂದ ಸದ್ದಾದರೆ ಮೊದಲು ಒಂದು ಗುಟುಕು ಕುಡಿಯುತ್ತಾರೆ, ಓದುವುದು ಆಮೇಲೆ. ಕಳಿಸಿದವರು ಬರೆಯುವಾಗ ಹೇಗಿದ್ದರೋ ನೀರು ಹಾಗಿರುತ್ತದೆ. ಖುಷಿಯಲ್ಲಿ ಬರೆದಿದ್ದರೆ ಸಿಹಿ, ಅಳುತ್ತ ಬರೆದಿದ್ದರೆ ಉಪ್ಪು, ಹೊಟ್ಟೆಕಿಚ್ಚಿದ್ದರೆ ಹುಳಿ. ಮದುವೆಗೆ ಕರೆದ ಸಂದೇಶ ಸಪ್ಪೆಯಾಗಿದ್ದರೆ, ‘ಬಾಯಿಮಾತಿಗೆ ಕರೆದಿದ್ದಾರೆ, ಮುಯ್ಯಿ ಕಳಿಸಿದರೆ ಸಾಕು’ ಎಂದು ಮನೆಯಲ್ಲೇ ಉಳಿಯುತ್ತಾರೆ. ಬೇರೆಯವರ ಲೋಟಕ್ಕೆ ಕೈ ಹಾಕಬಾರದೆಂದು ಮಕ್ಕಳಿಗೆ ಮೊದಲೇ ಕಲಿಸಿರುತ್ತಾರೆ. ಗಾಳಿಯಲ್ಲಿ ಸಂದೇಶ ಹೋಗುವ ಊರುಗಳೂ ಇವೆಯಂತೆ. ನಮ್ಮಲ್ಲಿ ಗಾಳಿ ಒಣಹಾಕಿದ ಬಟ್ಟೆ ಹಾರಿಸುವುದಕ್ಕಷ್ಟೇ. ಮಾತೆಲ್ಲ ತಂತಿಯಲ್ಲೇ ಹೋಗಬೇಕು. ಇನ್ನೊಂದು ವಿಷಯವಿದೆ. ಒಂದು ಮನೆಯಿಂದ ಹೊರಟ ರುಚಿ ಆ ಮನೆಯವರ ನಾಲಿಗೆಗೆ ಸಿಗುವುದಿಲ್ಲ. ನಮ್ಮ ರುಚಿ ಏನೆಂದು ಊರಿಗೆಲ್ಲ ಗೊತ್ತಿರುತ್ತದೆ, ನಮಗೆ ಮಾತ್ರ ಗೊತ್ತಿರುವುದಿಲ್ಲ.

ನಾನು ಬಿ.ಎಸ್ಸಿ. ಮುಗಿಸಿ ಪುರಸಭೆಯ ನೆಟ್‌ವರ್ಕ್ ಕಚೇರಿಯಲ್ಲಿ ಸಹಾಯಕಿಯಾಗಿದ್ದೇನೆ. ಹೆಸರು ಕುಮುದಾ. ಎದುರಿಗೆ ಯಾರಾದರೂ ನಿಂತರೆ ಹೇಳಬೇಕಾದದ್ದು ಗಂಟಲಲ್ಲೇ ಕೂತುಬಿಡುತ್ತದೆ. ಡೈರಿ ಬರೆಯುವ ಅಭ್ಯಾಸ ಬಂದದ್ದು ಅದಕ್ಕೇ. ಪೆನ್ನಿನಲ್ಲಿ ಬರೆದದ್ದರಿಂದ ಯಾರ ನೀರೂ ಕೆಡುವುದಿಲ್ಲ. ನಾವಿರುವ ಕಂಬದ ಬೀದಿಯಲ್ಲಿ ಈ ಅನುಕೂಲ ಸಣ್ಣದಲ್ಲ. ಊರಿನ ಬೇರೆ ಬೀದಿಗಳಿಗೆ ಹೊಸ ತಂತಿ ಬಂದರೂ ನಮ್ಮ ಬೀದಿಯಲ್ಲಿ ಇನ್ನೂ ಆ ಹಳೆಯ ದಪ್ಪ ಕೇಬಲ್ಲೇ ಇತ್ತು. ಪುಸ್ತಕದಲ್ಲಿ ಅದಕ್ಕೆ ಕೋಯಾಕ್ಸಿಯಲ್ ಎಂದು ಹೆಸರು. ನಟ್ಟನಡುವೆ ಒಂದು ತಾಮ್ರದ ಎಳೆ, ಅದರ ಸುತ್ತ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ತಾಮ್ರದ ಜಾಳಿಗೆ, ಎಲ್ಲದರ ಮೇಲೆ ಕರಿಯ ಅಂಗಿ. ಬೀದಿಯ ಆ ತುದಿಯಿಂದ ಈ ತುದಿಗೆ ಒಂದೇ ಕೇಬಲ್ ಎಳೆದು, ಹಗ್ಗಕ್ಕೆ ಬಟ್ಟೆ ನೇತುಹಾಕಿದ ಹಾಗೆ ಎಲ್ಲ ಮನೆಗಳನ್ನೂ ಅದಕ್ಕೇ ಸಿಕ್ಕಿಸಿದ್ದರು. ಜಾಳಿಗೆ ಇರುವುದರಿಂದ ಹೊರಗಿನದೇನೂ ಒಳಗೆ ಬರುತ್ತಿರಲಿಲ್ಲ, ರುಚಿ ಕಲಬೆರಕೆಯಾಗುತ್ತಿರಲಿಲ್ಲ. ಆದರೆ ಒಬ್ಬರಿಗೆ ಬಂದದ್ದು, ಒಬ್ಬರಿಂದ ಹೋದದ್ದು ಬೀದಿಯ ಎಲ್ಲ ಲೋಟಕ್ಕೂ ತಲುಪುತ್ತಿತ್ತು. ಬರೆದ ಮಾತು ಸೇರಬೇಕಾದವರಿಗಷ್ಟೇ ಸೇರುತ್ತಿತ್ತು, ರುಚಿ ಮಾತ್ರ ಎಲ್ಲರಿಗೂ. ನಾನು ಗೆಳತಿಗೆ ಎರಡು ಸಾಲು ಬರೆದು ಹೊರಗೆ ಬಂದರೆ ಎದುರಿನ ಕಿರಾಣಿ ಅಂಗಡಿಯ ಪಂಪಣ್ಣ ಬಾಯಿ ಚಪ್ಪರಿಸುತ್ತ ನನ್ನನ್ನೇ ನೋಡುತ್ತಿರುತ್ತಿದ್ದರು. ನಾನು ತಲೆ ತಗ್ಗಿಸಿ ನಡೆದುಬಿಡುತ್ತಿದ್ದೆ. ಹೇಗಿತ್ತು ಎಂದು ಕೇಳುವ ಧೈರ್ಯ ಒಮ್ಮೆಯೂ ಆಗಲಿಲ್ಲ.

ಆ ಕೇಬಲ್ಲಿನ ಕಾಲ ಮುಗಿದಿತ್ತು. ತುದಿಯ ಮುಚ್ಚಳ ಒಂದು ಸಡಿಲವಾದರೂ ಇಡೀ ಬೀದಿ ಮೂಕವಾಗುತ್ತಿತ್ತು. ಒಂದು ಮನೆಯವರು ಕಪಾಟು ಸರಿಸುವಾಗ ಕೇಬಲ್ ಎಳೆದರೆ ಇನ್ನೆಲ್ಲೋ ಇರುವವರ ಕೆಲಸ ನಿಲ್ಲುತ್ತಿತ್ತು. ಕೊನೆಗೆ ಎಂಜಿನಿಯರ್ ಗುರುಪಾದಪ್ಪನವರು ನನ್ನನ್ನು ಕರೆದು, “ನೋಡಮ್ಮಾ ಕುಮುದಾ, ನಿಮ್ಮ ಬೀದಿಗೆ ಹೊಸದು ಹಾಕ್ಲೇಬೇಕು. ಯಾವುದು ಹಾಕೋದು ಅಂತ ನೀನೇ ಹೋಲಿಸಿ ನೋಡು. ಬೀದಿಯೋರ ಸಭೇಲಿ ನೀನೇ ಹೇಳು,” ಎಂದರು.

“ನಾನಾ ಸರ್? ಸಭೇಲಾ?”

“ಮತ್ತೆ ನಾನು ಹೇಳಿದ್ರೆ ನಿಮ್ಮ ಬೀದಿಯೋರು ಕೇಳ್ತಾರಾ? ಹೋದ ಸಲ ಪಂಪಣ್ಣ ನನ್ನ ಮುಂದೇನೇ ಲೋಟ ಎತ್ತಿ ಕುಡಿದು, ‘ಸಾಹೇಬ್ರ ಸಂದೇಶ ನಿನ್ನೆಯ ತಿಳಿಸಾರಿನ ಹಾಗಿದೆ’ ಅಂದ. ನೀನು ಆ ಬೀದಿ ಹುಡುಗಿ. ಪರೀಕ್ಷೆ ಬೇಕಾದ್ರೆ ನಿಮ್ಮನೇಲೇ ಮಾಡು. ಬೇರೆಯೋರ್ಯಾರೂ ಗೋಡೆ ತೂತು ಮಾಡಿಸ್ಕೊಳ್ಳಲ್ಲ.”

ಹಾಗೆ ಆ ಕೆಲಸ ನನ್ನ ಪಾಲಿಗೆ ಬಂತು. ಒಳಗೊಳಗೇ ನಾನು ಕುಣಿದೆ. ಏಕೆಂದರೆ ಯಾವುದನ್ನು ಹೇಳಬೇಕೆಂದು ನನಗೆ ಪರೀಕ್ಷೆಗೆ ಮೊದಲೇ ಗೊತ್ತಿತ್ತು. ಫೈಬರ್. ಕೂದಲಿನಷ್ಟು ತೆಳುವಾದ ಗಾಜಿನ ಎಳೆ, ಒಳಗೆ ಬೆಳಕು ಬಿಟ್ಟರೆ ಬೇರೇನೂ ಇಲ್ಲ. ತಾಮ್ರಕ್ಕಿಂತ ಎಷ್ಟೋ ವೇಗ, ಎಷ್ಟೋ ದೂರ. ಸಿಡಿಲು ಬಡಿದರೂ, ಪಕ್ಕದಲ್ಲೇ ಕರೆಂಟಿನ ತಂತಿ ಹಾದುಹೋದರೂ ಅದಕ್ಕೆ ಲೆಕ್ಕವಿಲ್ಲ. ಹೆಚ್ಚು ಬಗ್ಗಿಸಿದರೆ ಮುರಿಯುತ್ತದೆ, ಬೆಸೆಯಲು ಬೇರೆಯೇ ಯಂತ್ರ ಬೇಕು, ಅದು ನಿಜ. ಆದರೆ ಅದರಲ್ಲಿ ರುಚಿ ಹಾಯುವುದಿಲ್ಲ. ಹೋಗುವ ದಾರಿಯಲ್ಲಿ ಒಂದು ಮಾರು ಗಾಜಿದ್ದರೂ ಸಾಕು, ಆ ತುದಿಯ ಲೋಟದಲ್ಲಿ ನೀರು ನೀರಾಗಿಯೇ ಇರುತ್ತದೆ. ನನ್ನಂಥವಳಿಗೆ ಇದಕ್ಕಿಂತ ಏನು ಬೇಕು? ಬರೆದಷ್ಟೇ ಹೋಗುತ್ತದೆ, ಉಳಿದದ್ದೆಲ್ಲ ನನ್ನಲ್ಲೇ ಇರುತ್ತದೆ.

ಈ ಸಂಭ್ರಮಕ್ಕೆ ಒಂದೇ ಅಡ್ಡಿಯಿತ್ತು. ಅಮ್ಮ.

ನಮ್ಮಮ್ಮ ರವಿಕೆ ಹೊಲಿಯುತ್ತಾಳೆ. ಊರಿನಲ್ಲಿ ಒಳ್ಳೆಯ ಹೆಸರಿದೆ. ಅಕ್ಕ ಮಾಲಿನಿ ಕಲಿತದ್ದೂ ಅಮ್ಮನ ಕೈಕೆಳಗೇ. ಎರಡು ವರ್ಷದ ಹಿಂದೆ ಅಕ್ಕ ಊರಿನ ಇನ್ನೊಂದು ತುದಿಯ ಹೊಸ ಬಡಾವಣೆಯಲ್ಲಿ ತನ್ನದೇ ಅಂಗಡಿ ಹಾಕಿದಳು, ಅಮ್ಮನಿಗೆ ಹೇಳದೆ. ಅಮ್ಮನ ಒಳ್ಳೆಯ ಗಿರಾಕಿಗಳಲ್ಲಿ ಕೆಲವರು ಅವಳ ಹಿಂದೆಯೇ ಹೋದರು. “ನನ್ನ ಕತ್ತರೀಲಿ ಕಲಿತು ನನ್ನನ್ನೇ ಕತ್ತರಿಸಿದಳು,” ಎಂದು ಅಮ್ಮ ಅಂದದ್ದು ಒಂದೇ ಸಲ. ಅದು ಅಕ್ಕನ ಕಿವಿಗೂ ಬಿತ್ತು. ಅಂದಿನಿಂದ ಅವಳು ಈ ಮನೆಯ ಮೆಟ್ಟಿಲು ಹತ್ತಲಿಲ್ಲ, ಅಮ್ಮ ಆ ಕಡೆ ತಲೆ ಹಾಕಲಿಲ್ಲ. ಉಳಿದದ್ದು ಒಂದೇ ಒಂದು ಎಳೆ. ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಕಂಪ್ಯೂಟರಿನ ಮುಂದೆ ಕೂತು ಒಂದೇ ಬೆರಳಿನಲ್ಲಿ ‘ಊಟ ಆಯ್ತಾ’ ಎಂದು ಕುಟ್ಟುತ್ತಾಳೆ. ಸ್ವಲ್ಪ ಹೊತ್ತಿಗೆ ‘ಆಯ್ತು’ ಎಂದು ಬರುತ್ತದೆ. ಅಮ್ಮ ಒಂದು ಗುಟುಕು ಕುಡಿದು ನಾಲಿಗೆಯ ಮೇಲೆ ಇಟ್ಟುಕೊಳ್ಳುತ್ತಾಳೆ. “ಇವತ್ತೂ ಉಪ್ಪು,” ಎನ್ನುತ್ತಾಳೆ. “ಅಳಲಿ. ಚೆನ್ನಾಗಿ ಅಳಲಿ.” ಹಾಗೆ ಅಂದರೂ ಮರುದಿನ ಅದೇ ಹೊತ್ತಿಗೆ ಮತ್ತೆ ಕೂರುತ್ತಾಳೆ. ಒಮ್ಮೆ ಸ್ವಲ್ಪ ಸಿಹಿ ಬಂದ ದಿನ ಹೊಲಿಗೆ ಮಷೀನು ತುಳಿಯುತ್ತ ಏನನ್ನೋ ಗುನುಗಿದಳು. ಕೇಳಿದರೆ, “ಏನಿಲ್ಲ, ಮಷೀನಿಗೆ ಎಣ್ಣೆ ಬಿಟ್ಟಿದ್ದೀನಲ್ಲ, ಅದೇ ಹಾಡ್ತಿದೆ,” ಎಂದಳು.

ಫೈಬರ್ ಬಂದರೆ ಅಮ್ಮನ ಪಾಲಿಗೆ ಉಳಿಯುವುದು ‘ಆಯ್ತು’ ಎನ್ನುವ ಪದವೊಂದೇ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ, ಎಲ್ಲದಕ್ಕೂ ಅಭ್ಯಾಸವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮೊದಲು ಫೈಬರ್ ಎಳೆಸಿ ನಮ್ಮ ಮನೆಯ ಗೋಡೆಗೆ ತಂದೆ. ಆ ದಿನಗಳ ಸುಖವನ್ನು ಏನೆಂದು ಹೇಳಲಿ! ಬರೆಯಲು ಕೂತಾಗ ಎದುರುಮನೆ, ಪಕ್ಕದಮನೆ ಯಾವುದೂ ನೆನಪಾಗಲಿಲ್ಲ. ಹಳೆಯ ಗೆಳತಿಯರಿಗೆಲ್ಲ ಉದ್ದುದ್ದ ಬರೆದೆ. ಒಂದು ರಾತ್ರಿ ಅಕ್ಕನಿಗೂ ಬರೆದೆ. ‘ಅಮ್ಮ ನಿನ್ನನ್ನು ನೆನೆಸಿಕೊಳ್ಳುತ್ತಾಳೆ. ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ದಿನವೂ ಲೋಟ ಹಿಡಿದು ಕೂರುತ್ತಾಳೆ. ಒಂದು ಸಲ ಬಂದು ಹೋಗಬಾರದಾ?’ ಇಷ್ಟು ಬಿಚ್ಚಿ ನಾನು ಅವಳೊಡನೆ ಎಂದೂ ಮಾತಾಡಿರಲಿಲ್ಲ. ಅವಳಿಂದ ಬಂದ ಉತ್ತರ ‘ಸರಿ’ ಎಂದಷ್ಟೇ.

ಅಮ್ಮ ಮಾತ್ರ ಮೊದಲ ದಿನವೇ ಲೋಟ ಕೆಳಗಿಟ್ಟಳು. “ಏನೇ ಇದು? ಕೊಳಾಯಿ ನೀರು.”

“ಹೇಳಿದ್ನಲ್ಲಮ್ಮಾ, ಗಾಜಿನಲ್ಲಿ ರುಚಿ ಬರಲ್ಲ.”

“ನೀನು ಹೇಳ್ದೆ. ನನ್ನ ನಾಲಿಗೆ ಕೇಳಬೇಕಲ್ಲ. ಇದನ್ನ ಅವಳೇ ಬರೆದಳೋ, ಅಂಗಡೀಲಿ ಗುಂಡಿ ಹಚ್ಚೋ ಹುಡುಗಿ ಬರೆದಳೋ?” ಎಂದು ಆ ನೀರನ್ನು ಇಸ್ತ್ರಿಗೆ ಇಟ್ಟಿದ್ದ ಬಟ್ಟೆಯ ಮೇಲೆ ಚಿಮುಕಿಸಿಬಿಟ್ಟಳು. ಮರುದಿನವೂ ಹಾಗೆಯೇ. ಆಮೇಲೆ ಒಂದು ಮಧ್ಯಾಹ್ನ ‘ಊಟ ಆಯ್ತಾ’ ಕೇಳಲು ಕಂಪ್ಯೂಟರಿನ ಹತ್ತಿರವೇ ಹೋಗಲಿಲ್ಲ. “ಉತ್ತರ ಏನು ಬರುತ್ತೆ ಅಂತ ಗೊತ್ತಿದೆಯಲ್ಲ. ಯಾಕೆ ಕೇಳೋದು?” ಎಂದು ಸೂಜಿಗೆ ದಾರ ಪೋಣಿಸುತ್ತ ಕೂತಳು. ದಾರ ಒಳಗೆ ಹೋಗಲೇ ಇಲ್ಲ. ಕೊನೆಗೆ ನಾನು ಪೋಣಿಸಿಕೊಟ್ಟೆ. ಎರಡು ವರ್ಷ ಒಂದು ದಿನವೂ ತಪ್ಪದ ಪ್ರಶ್ನೆ ಅಂದು ತಪ್ಪಿತು. ನಾನು ತಂದ ತಂತಿಯಿಂದಲೇ ತಪ್ಪಿತು.

ಅಂದು ಸಂಜೆ ಪಂಪಣ್ಣನ ಅಂಗಡಿಗೆ ಹೆಸರುಬೇಳೆಗೆ ಹೋದಾಗ ಅವರು ತಕ್ಕಡಿ ಹಿಡಿದೇ ಗೊಣಗಿದರು. “ಏನಮ್ಮಾ, ನಿಮ್ಮನೆ ಕೇಬಲ್ ಬಿಚ್ಚಿದ ಮೇಲೆ ನಿಮ್ಮಮ್ಮನ ಮೆಣಸಿನಕಾಯಿ ಬರ್ತಾನೇ ಇಲ್ವಲ್ಲ. ಮಧ್ಯಾಹ್ನ ಮಜ್ಜಿಗೆ ಅನ್ನಕ್ಕೆ ನೆಂಚಿಕೊಳ್ಳೋಕೆ ಏನೂ ಇಲ್ಲದ ಹಾಗಾಗಿದೆ.”

“ಮೆಣಸಿನಕಾಯಾ?”

“ಗೊತ್ತಿಲ್ವಾ? ಅಯ್ಯೋ, ನಿಮ್ಮನೆಯೋರಿಗೆ ಹೇಗೆ ಗೊತ್ತಾಗುತ್ತೆ! ನಿಮ್ಮಮ್ಮ ನಿಮ್ಮಕ್ಕಂಗೆ ಬರೆದ್ರೆ ಬೀದಿಗೆ ಬೀದಿಯೇ ಕೆಮ್ಮುತ್ತೆ. ಹಸಿಮೆಣಸಿನಕಾಯಿ ಕಿವುಚಿದ ಹಾಗೆ. ಸಿಟ್ಟು ಅಂದ್ರೆ ಅದು!”

ನನಗೆ ಅಕ್ಕನ ಮುಖ ಕಣ್ಣ ಮುಂದೆ ಬಂತು. ಇಂಥ ಸಿಟ್ಟನ್ನು ದಿನವೂ ಕುಡಿಯುವವಳು ಯಾಕೆ ಬಂದಾಳು? ಆದರೆ ಇಷ್ಟು ತಿಳಿದ ಮೇಲೆ ಅಮ್ಮನಿಗೆ ಗಾಜೇ ವಾಸಿ ಎಂದೂ ಅನ್ನಿಸಿತು. ಕನಿಷ್ಠ ಅಕ್ಕನ ಬಾಯಿಯಾದರೂ ಉರಿಯುವುದು ನಿಲ್ಲುತ್ತದೆ. ಇಬ್ಬರಿಗೂ ಒಳ್ಳೆಯದೇ ಮಾಡುತ್ತಿದ್ದೇನೆ ಎಂದು ಒಂದು ನೆಪ ಸಿಕ್ಕಿತು. ಸಭೆಯಲ್ಲಿ ಓದಲು ಬರೆದಿಟ್ಟಿದ್ದ ಪುಟದ ಕೊನೆಗೆ ‘ಆದ್ದರಿಂದ ಫೈಬರ್’ ಎಂದು ಸೇರಿಸಿದೆ.

ಹೋಲಿಕೆ ಎಂದ ಮೇಲೆ ಇನ್ನೊಂದನ್ನೂ ಪರೀಕ್ಷಿಸಬೇಕಲ್ಲ. ಫೈಬರ್ ಬಿಚ್ಚಿಸಿ ಜೋಡಿ ತಂತಿ ಹಾಕಿಸಿದೆ. ಎರಡೆರಡು ತೆಳುವಾದ ತಾಮ್ರದ ತಂತಿಗಳನ್ನು ಜಡೆಯ ಹಾಗೆ ಒಂದಕ್ಕೊಂದು ಸುತ್ತಿ, ಅಂಥ ನಾಲ್ಕು ಜೋಡಿಯನ್ನು ಒಂದು ಅಂಗಿಯೊಳಗೆ ತುಂಬಿರುತ್ತಾರೆ. ಬೀದಿಗೆಲ್ಲ ಒಂದೇ ಕೇಬಲ್ ಅಲ್ಲ, ಮನೆಗೊಂದು. ಬೀದಿ ಮಧ್ಯದ ಪೆಟ್ಟಿಗೆಯಿಂದ ಒಂದೊಂದು ಮನೆಗೂ ಬೇರೆ ಬೇರೆ. ಹಾಗಾಗಿ ನನಗೆ ಬಂದದ್ದು ನನ್ನ ಲೋಟಕ್ಕೇ, ಪಂಪಣ್ಣನಿಗೆ ಬಂದದ್ದು ಪಂಪಣ್ಣನ ಲೋಟಕ್ಕೇ. ಒಂದು ಮನೆಯ ತಂತಿ ಕಿತ್ತರೆ ಆ ಮನೆಯಷ್ಟೇ ಮೂಕ. ಬೆಲೆ ಕಡಿಮೆ, ಎಳೆಯುವುದು ಸುಲಭ, ಮೂಲೆಯಲ್ಲಿ ಹೇಗೆ ಬೇಕಾದರೂ ಬಗ್ಗುತ್ತದೆ. ನೂರು ಮೀಟರ್ ದಾಟಿದರೆ ದಮ್ಮು ಕಟ್ಟುತ್ತದೆ, ಅದೊಂದು ಮಿತಿ. ಅಕ್ಕನ ಬಡಾವಣೆಗೆ ಮೊದಲಿನಿಂದಲೂ ಇದೇ ತಂತಿ. ಎರಡೂ ತುದಿಯಲ್ಲಿ ಇದೇ ಇದ್ದರೆ ಹೇಗಿರುತ್ತದೆಂದು ನೋಡಲು ಅಕ್ಕನ ಅಂಗಡಿಗೇ ಹೋಗಬೇಕಾಯಿತು. ಹೊರಡುವಾಗ ಅಮ್ಮನಿಗೆ, “ಇವತ್ತು ಕೇಳು. ಇದರಲ್ಲಿ ರುಚಿ ಬರುತ್ತೆ,” ಎಂದೆ. ಅಮ್ಮ ಟೇಪನ್ನು ಕತ್ತಿಗೆ ಹಾಕಿಕೊಂಡಳು.

ಅಕ್ಕ ಮೇಜಿನ ಮೇಲೆ ನೇರಳೆ ಬಣ್ಣದ ರೇಷ್ಮೆ ಹರಡಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು. ನನ್ನನ್ನು ಕಂಡು, “ಏನೇ, ಸರ್ಕಾರಿ ಕೆಲಸದೋಳು! ತಂತಿ ನೋಡೋಕೆ ಬಂದ್ಯೋ, ತೋಳಿಲ್ಲದ ರವಿಕೆ ಹೊಲಿಸೋಕೋ?” ಎಂದಳು.

“ತಂತಿ ನೋಡೋಕೆ.”

“ಹೇಳೋ ಮುಂಚೆ ಗೊತ್ತಿತ್ತು ಬಿಡು. ತೋಳಿಲ್ಲದ್ದು ಅಂದ್ರೆ ನೀನು ಕನ್ನಡಿ ಮುಂದೇನೂ ಹಾಕಲ್ಲ.” ನಕ್ಕು, ನನಗೆ ಕೂರಲು ಬಟ್ಟೆಯ ಗಂಟನ್ನು ಬದಿಗೆ ತಳ್ಳಿದಳು.

“ಅಕ್ಕಾ, ನಾನು ಅಷ್ಟು ಬರೆದಿದ್ದೆ. ಬರೀ ಸರಿ ಅಂದ್ಯಲ್ಲ.”

ಅವಳು ಸೀಮೆಸುಣ್ಣ ಕೆಳಗಿಟ್ಟಳು. “ಓದಿದೆ ಕುಮುದಾ. ಎರಡು ಸಲ ಓದಿದೆ. ಆದ್ರೆ ನೀರು ಸಪ್ಪೆ. ನೀನು ಮನಸಾರೆ ಬರೆದ್ಯೋ, ಸುಮ್ಮನೆ ಒಪ್ಪಿಸೋಕೆ ಬರೆದ್ಯೋ, ಏನಂತ ನಂಬಲಿ?”

ಆ ಸಂದೇಶ ಬರೆಯುವಾಗ ನನ್ನ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಅದು ದಾಟಲಿಲ್ಲವೆಂದು ಅಂದು ನಾನು ಖುಷಿಪಟ್ಟಿದ್ದೆ.

“ಅದೂ ಅಲ್ದೆ,” ಎಂದಳು ಅಕ್ಕ, “ಅಮ್ಮ ನೆನೆಸ್ಕೊಳ್ತಾಳೆ ಅಂತ ಬರೆದಿದ್ದೆ. ಅಮ್ಮನ ಲೋಟ ಕುಡಿಯೋಳು ನಾನು ಕಣೇ. ಅದು ನೆನೆಸ್ಕೊಳ್ಳೋ ರುಚಿಯಲ್ಲ.”

“ಖಾರ ಅಲ್ವಾ?” ಎಂದೆ, ಪಂಪಣ್ಣ ಹೇಳಿದ್ದನ್ನು ನೆನೆದು.

“ಖಾರ? ಖಾರ ಆಗಿದ್ರೆ ನಾನು ಎಂದೋ ಬರ್ತಿದ್ದೆ. ಕಹಿ. ಬೇವಿನ ಚಕ್ಕೆ ಕುದಿಸಿ ಇಳಿಸಿದ ಕಷಾಯ. ಸಿಟ್ಟಾದ್ರೆ ಬೈದು ತಣ್ಣಗಾಗ್ತಾಳೆ ಅನ್ನಬಹುದು. ಇದು ಸಿಟ್ಟಲ್ಲ. ಇದು ಬೇಡ ಅನ್ನೋದು. ಮಗಳೇ ಬೇಡ ಅನ್ನೋದು. ಮೊದಮೊದಲು ಪೂರ್ತಿ ಕುಡೀತಿದ್ದೆ, ತಳದಲ್ಲಾದ್ರೂ ಏನಾದ್ರೂ ಇದೆಯೇನೋ ಅಂತ. ಆಮೇಲೆ ಗುಟುಕು. ಈಗ ತುಟಿಗೆ ಸೋಕಿಸಿ ಇಟ್ಟುಬಿಡ್ತೀನಿ.”

ಕಹಿ ಎಂದದ್ದನ್ನು ನಾನು ಇನ್ನೊಮ್ಮೆ ಕೇಳಿ ಖಚಿತಮಾಡಿಕೊಂಡೆ. ಇಡೀ ಕಂಬದ ಬೀದಿ ಖಾರವೆಂದು ಕೆಮ್ಮುವಾಗ ಇಲ್ಲಿಗೆ ಕಹಿ ಹೇಗೆ ಬಂದೀತು? ಒಬ್ಬಳೇ ಬರೆದದ್ದು, ಒಂದೇ ಸಂದೇಶ. ನಾಚಿಕೆಯ ಹುಡುಗಿಯಾದರೂ ತಂತಿಯ ವಿಷಯಕ್ಕೆ ಬಂದರೆ ನನ್ನ ಕಾಲು ತಾನಾಗಿ ಏಳುತ್ತದೆ. ಗೋಡೆಯ ಮೇಲಿನ ಡಬ್ಬಿಯ ಮುಚ್ಚಳ ಬಿಚ್ಚಿ ನೋಡಿದೆ.

ಜೋಡಿ ತಂತಿಯ ಗುಟ್ಟೆಲ್ಲ ಅದರ ಸುತ್ತಿನಲ್ಲಿದೆ. ಎಲ್ಲಿಯವರೆಗೆ ಎರಡೂ ಒಂದನ್ನೊಂದು ಬಿಗಿಯಾಗಿ ಸುತ್ತಿಕೊಂಡಿರುತ್ತವೋ ಅಲ್ಲಿಯವರೆಗೆ ಪಕ್ಕದ ತಂತಿಯದು ಇದಕ್ಕೆ ಅಂಟುವುದಿಲ್ಲ. ತುದಿಯಲ್ಲಿ ಸಿಕ್ಕಿಸುವಾಗ ಬೆರಳಿನ ಅಗಲದಷ್ಟು ಬಿಚ್ಚಿದರೆ ಸಾಕು. ಇಲ್ಲಿ ತಂತಿ ಜೋಡಿಸಿದವನು ಒಂದು ಗೇಣಿಗೂ ಹೆಚ್ಚು ಬಿಚ್ಚಿ, ನೆಟ್ಟಗೆ ಮಾಡಿ, ಪಕ್ಕದ ಮನೆಗೆ ಹೋಗುವ ತಂತಿಯನ್ನೂ ಇದೇ ಡಬ್ಬಿಯಲ್ಲಿ ಹಾಯಿಸಿ, ಎರಡನ್ನೂ ಸೇರಿಸಿ ಹೂವಿನ ದಂಡೆಯ ಹಾಗೆ ಕಟ್ಟಿಬಿಟ್ಟಿದ್ದ. ನೋಡಲು ಅಚ್ಚುಕಟ್ಟಾಗಿತ್ತು.

“ಅಕ್ಕಾ, ಪಕ್ಕದ ಮನೇಲಿ ಯಾರಿದ್ದಾರೆ?”

“ಚಿದಂಬರಯ್ಯ ಅಂತ. ರಿಟೈರಾಗಿದ್ದಾರೆ. ಮಧ್ಯಾಹ್ನ ಎಲ್ಲರೂ ಮಲಗಿದ್ರೆ ಅವರು ಪುರಸಭೆಗೆ ದೂರು ಬರೀತಾ ಕೂತಿರ್ತಾರೆ. ಚರಂಡಿ, ನಾಯಿ, ಬೀದಿದೀಪ, ನನ್ನ ಮಷೀನಿನ ಸದ್ದು, ಎಲ್ಲದರ ಮೇಲೂ. ಯಾಕೆ?”

ಅವರ ದೂರುಗಳು ನಮ್ಮ ಕಚೇರಿಗೂ ಬರುತ್ತವೆ. ಗುರುಪಾದಪ್ಪನವರು ಅವನ್ನು ಓದುವಾಗ ಲೋಟವನ್ನು ದೂರ ಸರಿಸಿಯೇ ಕೂರುತ್ತಾರೆ. ನಾನು ಡಬ್ಬಿಯ ಮುಂದೆ ನಿಂತಲ್ಲೇ ಅಕ್ಕನ ಮುಖ ನೋಡಿದೆ. “ಅಕ್ಕಾ, ನೀನು ಎರಡು ವರ್ಷದಿಂದ ಕುಡೀತಿರೋದು ಅಮ್ಮನ್ನಲ್ಲ. ಚಿದಂಬರಯ್ಯನವರನ್ನ.”

ಅಕ್ಕ ಮೊದಲು ನಕ್ಕಳು. ಆಮೇಲೆ ನಗು ನಿಂತಿತು. ಅವಳು ಕುರ್ಚಿ ಎಳೆದುಕೊಂಡು ಕೂತಳು. “ಸರಿಯಾಗಿ ನೋಡೇ. ನನ್ನ ಸಮಾಧಾನಕ್ಕೆ ಹೇಳಬೇಡ.”

ತಂತಿ ಕತ್ತರಿಸಿ, ಬಿಚ್ಚಿದ್ದ ಭಾಗವನ್ನೆಲ್ಲ ತೆಗೆದೆ. ನಮ್ಮ ಬೀದಿಗೆಂದು ಮಾದರಿಗೆ ತಂದಿದ್ದ ಇನ್ನೊಂದು ಬಗೆಯ ಜೋಡಿ ತಂತಿಯ ತುಂಡು ಚೀಲದಲ್ಲಿತ್ತು. ಅದರಲ್ಲಿ ಜೋಡಿಗಳ ಸುತ್ತ ಅಲ್ಯುಮಿನಿಯಂ ಹಾಳೆಯೊಂದು ಹೊದಿಸಿರುತ್ತದೆ, ತಿಂಡಿ ಪೊಟ್ಟಣದ ಒಳಗಿರುವಂಥದು. ಅದನ್ನು ಹಾಕಿ, ಸುತ್ತು ಬಿಚ್ಚದ ಹಾಗೆ ತುದಿ ಸಿಕ್ಕಿಸಿದೆ. ಹಾಳೆಯ ತುದಿಗೆ ಒಂದು ತಂತಿ ಕಟ್ಟಿ ಅಂಗಡಿಯ ಹಿಂದೆ ನೆಲದಲ್ಲಿ ಹೂತಿದ್ದ ಅರ್ಥಿಂಗ್ ಸರಳಿಗೆ ಸೇರಿಸಿದೆ. ಅಷ್ಟು ಹೊತ್ತೂ ಅಕ್ಕ ಪಕ್ಕದಲ್ಲೇ ನಿಂತು ಕತ್ತರಿ ಕೊಡು, ಅದು ಕೊಡು ಅನ್ನುವುದಕ್ಕೂ ಮೊದಲೇ ಕೈಗೆ ಕೊಡುತ್ತಿದ್ದಳು. ಗೋಡೆಯಾಚೆ ಚಿದಂಬರಯ್ಯನವರು ಟಕಟಕ ಕುಟ್ಟುತ್ತಿದ್ದುದು ಕೇಳುತ್ತಿತ್ತು. ಕುಟ್ಟಲಿ ಎಂದುಕೊಂಡೆ. ಪರೀಕ್ಷೆಗೆ ಅದೂ ಬೇಕಾಗಿತ್ತು.

ಇನ್ನು ಅಮ್ಮ ಬರೆಯಬೇಕು. ಅಕ್ಕ ಹೊಸ ನೀರು ತುಂಬಿ ತಂದಿಟ್ಟಳು. ಇಬ್ಬರೂ ಕಾದೆವು. ಊಟದ ಹೊತ್ತು ಮೀರಿತು. ಬರಲಿಲ್ಲ. “ಕೇಳೋದೇ ಬಿಟ್ಟಿದ್ದಾಳೆ ಅನ್ಸುತ್ತೆ,” ಎಂದಳು ಅಕ್ಕ, ಸೀಮೆಸುಣ್ಣದ ಪುಡಿಯನ್ನು ಮೇಜಿನಿಂದ ಒರೆಸುತ್ತ. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಗಾಜಿನ ತಂತಿಯನ್ನು ನಮ್ಮ ಗೋಡೆಗೆ ತಂದವಳು ನಾನು. ಹೋಗಿ ಅಮ್ಮನಿಗೆ ಬರಿ ಎಂದು ಹೇಳಿ ಬರೆಸಬಹುದಿತ್ತು. ಹೇಳಿ ಬರೆಸಿದ್ದರಲ್ಲಿ ಏನು ರುಚಿಯಿದ್ದೀತು?

ಆಗ ಸದ್ದಾಯಿತು. ‘ಊಟ ಆಯ್ತಾ.’

ಅಕ್ಕ ಲೋಟ ಎತ್ತಿದಳು. ಇಷ್ಟು ದಿನದ ಅಭ್ಯಾಸದಂತೆ ತುಟಿಗೆ ಸೋಕಿಸಿ ಒಂದು ಕ್ಷಣ ನಿಂತಳು. ಆಮೇಲೆ ಒಂದು ದೊಡ್ಡ ಗುಟುಕು ನುಂಗಿಯೇಬಿಟ್ಟಳು. ಮರುಕ್ಷಣ ಅವಳ ಮುಖ ಕೆಂಪಾಯಿತು. ಕೆಮ್ಮು ಹತ್ತಿತು, ಮೂಗಿನಲ್ಲಿ ನೀರಿಳಿಯಿತು, ಎದೆ ತಟ್ಟಿಕೊಳ್ಳುತ್ತ ರೇಷ್ಮೆಯ ಮೇಲೆ ಬೀಳದಂತೆ ಆ ಕಡೆ ತಿರುಗಿದಳು. “ಅಯ್ಯಮ್ಮಾ! ಏನೇ ಇದು, ಬೆಂಕಿ!” ಎಂದಳು. ಕಣ್ಣಿಂದ ಧಾರೆಯಾಗಿ ನೀರು ಸುರಿಯುತ್ತಿತ್ತು. ಅದರ ನಡುವೆಯೇ ನಗುತ್ತಿದ್ದಳು. “ಇವಳು ಅಮ್ಮ. ಇವಳೇ ಕಣೇ ಅಮ್ಮ! ನಾನು ರವಿಕೆ ಕತ್ತು ತಪ್ಪು ಕತ್ತರಿಸಿದಾಗ ಸ್ಕೇಲ್ ತಗೊಂಡು ಅಟ್ಟಿಸಿಕೊಂಡು ಬರ್ತಿದ್ಲಲ್ಲ, ಅದೇ ಅಮ್ಮ.”

“ಇಷ್ಟು ಸಿಟ್ಟಿದೆಯಲ್ಲ ಅಕ್ಕಾ,” ಎಂದೆ ಹೆದರಿ.

“ಇಷ್ಟು ಸಿಟ್ಟಿದ್ರೆ ಹೋಗಬಹುದು,” ಎಂದು ಅವಳು ಅಂಗಡಿಯ ಬಾಗಿಲೆಳೆದಳು. ಕತ್ತರಿಸದೆ ಬಿಟ್ಟ ರೇಷ್ಮೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡೇ ಬಂದಳು.

ಅಮ್ಮ ಬಾಗಿಲಲ್ಲೇ ಇದ್ದಳು. ಉತ್ತರ ಬರಲಿಲ್ಲವೆಂದು ಹೊರಗೆ ಬಂದು ನಿಂತಿದ್ದಳೋ ಏನೋ, ನಾನು ಕೇಳಲಿಲ್ಲ. ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಯಾಕೆ ಬಂದೆ?” ಎಂದಳು.

“ಬೈಸ್ಕೊಳ್ಳೋಕೆ.”

“ಅದಕ್ಕೆ ಎರಡು ವರ್ಷ ಬೇಕಾಯ್ತಾ?” ಎಂದು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ಒಳಗಿನಿಂದ ಶುರುವಾಯಿತು ನೋಡಿ. ಕತ್ತರಿಯ ಮಾತು, ಗಿರಾಕಿಗಳ ಮಾತು, ಹೇಳದೆ ಹೋದ ಮಾತು, ಒಂದೂ ಬಿಡಲಿಲ್ಲ. ಅಕ್ಕನೂ ಬಿಡಲಿಲ್ಲ. “ಹೇಳಿದ್ರೆ ನೀನು ಬಿಡ್ತಿದ್ಯಾ?” “ಕೇಳಿ ನೋಡಬೇಕಿತ್ತು!” “ಕೇಳೋಕೆ ನೀನು ಬಾಯಿ ಮುಚ್ಚಬೇಕಿತ್ತಲ್ಲ!” ನಡುವೆ ಅಮ್ಮನ ಸ್ವರ ಒಂದು ಸಲ ಒಡೆಯಿತು. ಅಷ್ಟರಲ್ಲಿ ಅವಳ ಕಣ್ಣು ಆ ರೇಷ್ಮೆಯ ಮೇಲೆ ಬಿತ್ತು. “ತೋಳಿಗೆ ಇಲ್ಲಿ ಗೆರೆ ಎಳೀತಾರೇನೇ? ಎತ್ತಿದ ಕೈ ಇಳಿಸೋಕಾಗಲ್ಲ ಹಾಕ್ಕೊಳ್ಳೋಳಿಗೆ.” ಜಗಳ ತೋಳಿಗೆ ತಿರುಗಿತು. ನಾನು ಅವರಿಬ್ಬರನ್ನೂ ಬಿಟ್ಟು ಅಂದು ಸಂಜೆಯ ಸಭೆಗೆ ಹೊರಟೆ.

ಸಭೆ ಬೀದಿಯ ಶಾಲೆಯಲ್ಲಿ. ಮಕ್ಕಳ ಗಿಡ್ಡ ಬೆಂಚುಗಳಲ್ಲಿ ದೊಡ್ಡವರು ಮಂಡಿ ಮೇಲೆತ್ತಿ ಕೂತಿದ್ದರು. ಗುರುಪಾದಪ್ಪನವರು ನನ್ನತ್ತ ಕೈ ತೋರಿಸಿದರು. ಎದ್ದು ನಿಂತು ಪುಟ ಬಿಚ್ಚಿದೆ. ದಪ್ಪ ಕೇಬಲ್ ಹೀಗೆ, ಜೋಡಿ ತಂತಿ ಹೀಗೆ, ಗಾಜು ಹೀಗೆ ಎಂದು ಓದಿದೆ. ಕೊನೆಯ ಸಾಲು ಬಂದಾಗ ನಿಲ್ಲಿಸಿದೆ. ‘ಆದ್ದರಿಂದ ಫೈಬರ್’ ಎಂದು ನನ್ನದೇ ಅಕ್ಷರದಲ್ಲಿತ್ತು. ಅದಷ್ಟನ್ನು ಓದಿಬಿಟ್ಟರೆ ಎಲ್ಲರೂ ತಲೆದೂಗುತ್ತಿದ್ದರು. ಒಬ್ಬರ ರುಚಿ ಇನ್ನೊಬ್ಬರ ಲೋಟಕ್ಕೆ ಬಿದ್ದು ಎಲ್ಲರಿಗೂ ಸಾಕಾಗಿತ್ತು. ನಾಳೆಯಿಂದ ನನ್ನನ್ನು ಯಾರೂ ಬಾಯಿ ಚಪ್ಪರಿಸಿ ನೋಡುವಂತಿರಲಿಲ್ಲ.

ಪುಟ ಮಡಚಿದೆ. “ಹಾಳೆ ಹೊದಿಸಿದ ಜೋಡಿ ತಂತಿ ಹಾಕೋಣ,” ಎಂದೆ. “ಇದರಲ್ಲಿ ಯಾರಿಗೆ ಬರೆದರೆ ಅವರಿಗಷ್ಟೇ ಹೋಗುತ್ತೆ. ಬೀದಿಗೆಲ್ಲ ಹೋಗಲ್ಲ. ಎಲ್ಲಾದರೂ ಸುತ್ತು ಬಿಚ್ಚಿದ್ದರೂ ಹಾಳೆ ತಡೆಯುತ್ತೆ. ಆದರೆ ಅವರಿಗೆ ರುಚಿ ಸಮೇತ ಹೋಗುತ್ತೆ. ಒಂದು ಕಷ್ಟ ಇದೆ. ಆ ಹಾಳೆಗೆ ಅರ್ಥಿಂಗ್ ಬೇಕು. ಮನೆಗೊಂದು ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಬೇಕು. ಬೇಸಿಗೆಯಲ್ಲಿ ಅದು ಒಣಗದ ಹಾಗೆ ನೀರು ಹಾಕ್ತಿರಬೇಕು. ಒಬ್ಬರು ಮರೆತರೆ ಅವರ ಮನೇದು ಪಕ್ಕದ ಮ‍ನೆಗೆ ಹರಿಯುತ್ತೆ.”

“ಅಂದ್ರೆ ಪಕ್ಕದೋನು ನೀರು ಹಾಕಿದ್ನೋ ಇಲ್ವೋ ಅಂತ ನಾನು ಕಾಯ್ತಾ ಕೂರಬೇಕಾ?” ಎಂದು ಹಿಂದಿನಿಂದ ಯಾರೋ ಕೂಗಿದರು. ಗಲಾಟೆಯಾಯಿತು. ಪಂಪಣ್ಣ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

“ಅಮ್ಮಾ ಕುಮುದಾ, ನೀನು ಗಾಜು ಕೇಳ್ತೀಯ ಅಂತ ನಾವೆಲ್ಲ ಅಂದ್ಕೊಂಡಿದ್ವಲ್ಲ. ನಿನಗೆ ಅದೇ ಅಲ್ವಾ ಬೇಕಿರೋದು?”

“ಹೌದು ಮಾಮ. ನನಗೆ ಗಾಜೇ ಬೇಕಿತ್ತು,” ಎಂದೆ. ಅಷ್ಟು ಜನರ ಎದುರು ನನ್ನ ಬೇಕು ಬೇಡ ಹೇಳಿದ್ದು ಅದೇ ಮೊದಲು. “ಆದರೆ ನಮ್ಮನೇಲಿ ‘ಊಟ ಆಯ್ತಾ’ ಅನ್ನೋದನ್ನ ಬಿಟ್ಟು ಬೇರೆ ಮಾತು ಬರಲ್ಲ. ಅಷ್ಟರಲ್ಲೇ ಎಲ್ಲ ಹೇಳಬೇಕು. ಗಾಜು ಹಾಕಿದರೆ ನಾವು ಬದುಕೋಕಾಗಲ್ಲ.”

ಬೆಂಚಿನ ಮೇಲೆ ಕೂತಿದ್ದವರಲ್ಲಿ ಹಲವರು ತಮ್ಮ ಮಂಡಿಯನ್ನೇ ನೋಡಿಕೊಳ್ಳುತ್ತಿದ್ದರು. ಅವರ ಮನೆಗಳಲ್ಲೂ ಅಂಥದೇ ಒಂದೆರಡು ಮಾತುಗಳಿರಬೇಕು. ಗುರುಪಾದಪ್ಪನವರು, “ಹಾಗಾದ್ರೆ ಗುಂಡಿ ಯಾರ್ಯಾರು ತೋಡ್ತೀರಿ, ಹೇಳಿ,” ಎಂದರು. ಮೊದಲು ಪಂಪಣ್ಣನ ಕೈ ಮೇಲೆ ಹೋಯಿತು. ಉಳಿದವು ಒಂದೊಂದಾಗಿ, ಗೊಣಗಿಕೊಂಡೇ ಹೋದವು.

ಗುಂಡಿ ತೋಡಿ, ತಂತಿ ಎಳೆದು, ಬೀದಿಯ ದಪ್ಪ ಕೇಬಲ್ಲನ್ನು ಇಳಿಸಿ ಸುರುಳಿ ಸುತ್ತಿಟ್ಟೆವು. ಅಕ್ಕ ತನ್ನ ಅಂಗಡಿಯಲ್ಲೇ ಇದ್ದಾಳೆ, ಅಮ್ಮ ಇಲ್ಲೇ. ಗಿರಾಕಿಗಳು ಹಂಚಿಹೋದದ್ದು ಹಾಗೆಯೇ ಇದೆ. ಹೊಸ ತಂತಿ ಬಂದ ಮೊದಲ ಮಧ್ಯಾಹ್ನ ಅಮ್ಮ ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಎಂದಿಗಿಂತ ಹೆಚ್ಚು ಹೊತ್ತು ಕುಟ್ಟಿದಳು. ಬಗ್ಗಿ ನೋಡಿದೆ. ‘ಆ ತೋಳು ಬಿಚ್ಚಿ ಮತ್ತೆ ಹೊಲಿ’ ಎಂದಿತ್ತು. ಉತ್ತರ ತಡವಾಗಲಿಲ್ಲ. ‘ಬಿಚ್ಚಲ್ಲ.’

ಅಮ್ಮ ಲೋಟ ಎತ್ತಿ ಕುಡಿದಳು. ಕೆಮ್ಮಿದಳು. ಕಣ್ಣಲ್ಲಿ ನೀರು ತುಂಬಿತು. “ನೋಡೇ, ಎಷ್ಟು ಸೊಕ್ಕು ಇವಳಿಗೆ,” ಎಂದು ಕೆಮ್ಮುತ್ತಲೇ ಮತ್ತೆ ಬಾಯಿಗಿಟ್ಟು ತಳದವರೆಗೂ ಕುಡಿದಳು. ಖಾಲಿ ಲೋಟವನ್ನು ನನ್ನ ಕಡೆಗೆ ನೀಡಿ, ಒಂದು ಬೆರಳನ್ನು ಆಗಲೇ ಕೀಲಿಮಣೆಯ ಮೇಲಿಟ್ಟು, “ತುಂಬಿ ತಾ. ಇನ್ನೂ ಇದೆ ನನ್ನ ಮಾತು,” ಎಂದಳು.